ತರಕಾರಿಯ ಚೌಕ

ಮೇಲಿನ ಆಫೀಸಿನಿಂದ ಫಾರಂ ಬಂದಿದೆ, ಮೂರು ಪ್ರತಿ.
ಮಾಂಸ, ಹಾಲು, ಬ್ರೆಡ್ಡು, ತರಕಾರಿ.
ಒಂದೊಂದರ ಎದುರಿಗೂ ಒಂದೊಂದು ಚೌಕ.
ಇವತ್ತು ಸಾಸೇಜು ಇದೆ, ಬನ್ನಿದೆ, ಹಾಲಿದೆ.
ಬಟಾಣಿಯ ಟ್ರಕ್ಕು ಇನ್ನೂ ಟೊಲೀಡೊ ದಾಟಿಲ್ಲ.
"ಕೆಚಪ್ ಇದೆಯಲ್ಲ ವಿಲ್ಮಾ," ಅಂದರು ಪ್ರಿನ್ಸಿಪಾಲರು,
"ಟೊಮೆಟೊ ತಾನೆ ಅದೂ?"

ತಾನೆ.
ಎಷ್ಟು ಪುಟ್ಟ ಮಾತು,
ಲಾರಿ ತೂರುವಷ್ಟು ದೊಡ್ಡ ಗೇಟು.

ಹದಿನಾಲ್ಕು ವರ್ಷ ಆ ಕಾರ್ಖಾನೆಯಲ್ಲೇ ಸವೆದವಳು ನಾನು,
ಬೆಲ್ಟಿನ ಪಕ್ಕ ನಿಂತು ಕೊಳೆತದ್ದನ್ನು ಹೆಕ್ಕುತ್ತಾ.
ಆಗಸ್ಟ್ ಬಂತೆಂದರೆ ಊರಿಗೆ ಊರೇ ವಿನೆಗರ್ ನಾತ:
ಒಣಹಾಕಿದ ಬಟ್ಟೆಗೆ, ಚರ್ಚಿನ ಪರದೆಗೆ,
ರಾತ್ರಿ ಪಾಳಿ ಮುಗಿಸಿ ಬಂದ ಗಂಡನ ಮೀಸೆಗೆ.
ನನಗೇ ಪಾಠ ಹೇಳಬೇಡಿ ಎನ್ನಬೇಕೆನಿಸಿತು.
ಎನ್ನಲಿಲ್ಲ. ಪಿಂಚಣಿಗೆ ಇನ್ನು ಮೂರು ವರ್ಷ.

ಅವರು ಹೋದ ಮೇಲೆ ಹಾಲಿನ ಡಬ್ಬ ಹರಿದು
ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆದೆ.

ಕೆಚಪ್, ಒಂದು ದೊಡ್ಡ ಚಮಚ:
ಅದರೊಳಗೆ ಸಕ್ಕರೆಯೇ ಒಂದು ಚಿಕ್ಕ ಚಮಚ.
ಉಪ್ಪು, ಮಗುವೊಂದು ಅತ್ತು ಮುಗಿಸುವಷ್ಟು.
ಸಿ ವಿಟಮಿನ್: ಕುದಿಯುವ ಮೊದಲು ಇತ್ತು.
ನಾರು: ಹುಡುಕುತ್ತಿದ್ದೇನೆ.

ಟೊಮೆಟೊ, ಒಂದು, ನನ್ನ ಮುಷ್ಟಿಗಿಂತ ಸಣ್ಣದು:
ನೂರಕ್ಕೆ ತೊಂಬತ್ತೈದು ಪಾಲು ಬರೀ ನೀರು.
ಮಿಕ್ಕ ಐದರಲ್ಲೇ ಅದರ ಇಡೀ ಸಂಸಾರ:
ಸಿಪ್ಪೆ, ಹುಳಿ, ನಾರು, ಪೊಟ್ಯಾಸಿಯಂ,
ಮತ್ತೆ ಬೀಜ.
ಬೀಜಕ್ಕೆ ಯಾವ ಫಾರಮ್ಮಿನಲ್ಲೂ ಕಾಲಂ ಇಲ್ಲ.

ಸುಳ್ಳು ಹೇಳಬಾರದು, ಕೆಂಪಿನ ವಿಷಯ ಬೇರೆ.
ಹಸಿ ಕೆಂಪಿಗಿಂತ ಬೆಂದ ಕೆಂಪು
ಮೈಗೆ ಬೇಗ ಹತ್ತುತ್ತದಂತೆ, ನರ್ಸ್ ಆರ್ಡಿತ್ ಹೇಳಿದ್ದು.
ಸರಿ, ಕೆಚಪ್ಪಿಗೂ ಒಂದು ಅಂಕ ಕೊಟ್ಟೆ.
ಬೆಂಕಿ ಬರೀ ಕಸಿಯುವುದಿಲ್ಲ.

ಊಟದ ಗಂಟೆ ಹೊಡೆಯಿತು.
ನೂರ ನಲವತ್ತಮೂರು ತಟ್ಟೆ.
ಸಾಲಿನ ಕೊನೆಗೆ ಎಲಿಸೇಯೊ,
ಟೆಕ್ಸಸ್ಸಿನ ದಕ್ಷಿಣ ತುದಿಯಿಂದ ಕೊಯ್ಲಿನವರ ಜೊತೆ ಬಂದವನು,
ಕೊಯ್ಲು ಮುಗಿದರೆ ಹೊರಟುಬಿಡುವವನು.
ಬೆರಳ ತುದಿಗಳು ಹಸಿರುಗಪ್ಪು, ಗಿಡದ ಜಿಡ್ಡು.
"ಸೋಪಿಗೆ ಜಗ್ಗಲ್ಲ ಮಿಸೆಸ್ ಹಾಗೆಡಾರ್ನ್,
ಕಾಯಿ ಹಿಂಡಿ ಉಜ್ಜಿದರೆ ಮಾತ್ರ ಹೋಗುತ್ತೆ,"
ಎಂದು ಮೊನ್ನೆ ನನಗೆ ಕಲಿಸಿದ್ದ.

ಕೆಚಪ್ಪಿನ ಪೊಟ್ಟಣ ತಿರುಗಿಸಿ ನೋಡಿ ಕೇಳಿದ:
"ಇದು ಯಾವ ಹೊಲದ್ದು?"
ಕಾರ್ಖಾನೆ ಹೆಸರಿತ್ತು, ತಾರೀಖಿತ್ತು,
ತೂಕವಿತ್ತು, ಕ್ಯಾಲರಿ ಕೂಡ ಇತ್ತು.
"ಗೊತ್ತಿಲ್ಲ ಮಗ."
"ನಮ್ಮದೇ ಇರಬಹುದು," ಅಂದ,
ಹಲ್ಲಿನಲ್ಲಿ ಕಚ್ಚಿ ಹರಿದು, ಕೊನೆಯ ಹನಿವರೆಗೂ ಹೀರಿ,
ಇನ್ನೂ ಆರು ಕೇಳಿದ.
ಕೊಟ್ಟೆ.
ನನ್ನ ಲೆಕ್ಕವೆಲ್ಲ ಹಾಲಿನ ಡಬ್ಬದಲ್ಲೇ ಉಳಿಯಿತು.

ಮಾರನೆಯ ದಿನ ಅವನ ಜಾಕೆಟ್ಟಿನ ಜೇಬಿನಿಂದ
ಒಂದು ಟೊಮೆಟೊ ಹೊರಬಂತು.
ಹೆಗಲ ಬಳಿ ಬಿರುಕು; ಕಾರ್ಖಾನೆ ಒಲ್ಲದ ಹಣ್ಣು.
ನಾನಾಗಿದ್ದರೂ ಬೆಲ್ಟಿನಿಂದ ಎತ್ತಿ ಎಸೆಯುತ್ತಿದ್ದೆ.
ಹೊಲದ ಬಿಸಿ ಇನ್ನೂ ಆರಿರಲಿಲ್ಲ.
ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು
ಅರ್ಧ ಅವನು, ಅರ್ಧ ನಾನು,
ಅಂಗೈಯಲ್ಲಿ ಚಿಟಿಕೆ ಉಪ್ಪು.
ಮೊಣಕೈವರೆಗೆ ಇಳಿದ ರಸವನ್ನು
ಇಬ್ಬರೂ ನಾಚದೆ ನೆಕ್ಕಿದೆವು.
ತೊಡೆಯ ಮೇಲೆ ಆ ದಿನದ ಫಾರಂ ಇತ್ತು.

ಮೂರು ವಾರ ಬಿಟ್ಟು ಅದು ವಾಪಸು ಬಂತು.
ಕೊಯ್ಲು ಮುಗಿದಿತ್ತು, ಕೊನೆಯ ಮೇಜು ಖಾಲಿ.
ತರಕಾರಿಯ ಚೌಕದಲ್ಲಿ
ಒಣಗಿ ಅಂಟಿ ಕೂತಿದ್ದ ಒಂದು ಬೀಜಕ್ಕೆ
ಕೆಂಪು ಶಾಯಿಯ ಸುತ್ತು ಹಾಕಿ
ಯಾರೋ ಬರೆದಿದ್ದರು:
"ಗುರುತು ಸ್ಪಷ್ಟವಿಲ್ಲ. ಮತ್ತೊಮ್ಮೆ ತುಂಬಿ ಕಳಿಸಿ."